ಸಹಿ ಹಾಕಿದವರು

ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಹೇಳಿಕೊಡುವವರಿಗೆ ಕೆಲವು ವಾಕ್ಯಗಳು ನಿದ್ದೆಗಣ್ಣಿನಲ್ಲೂ ಬರುತ್ತವೆ. ಭಾರತದ ರಾಷ್ಟ್ರಪತಿ ನಾಮಮಾತ್ರ ಕಾರ್ಯಾಂಗ, ಪ್ರಧಾನಮಂತ್ರಿ ನೈಜ ಕಾರ್ಯಾಂಗ. ಅಮೆರಿಕದ ಅಧ್ಯಕ್ಷ ಎರಡೂ ಹೌದು. ಹತ್ತು ಅಂಕದ ಪ್ರಶ್ನೆಗೆ ಇಷ್ಟು ಬೆನ್ನೆಲುಬು ಸಾಕು, ಉಳಿದದ್ದು ಮಾಂಸ ತುಂಬುವ ಕೆಲಸ. ಇಪ್ಪತ್ತು ವರ್ಷ ನಾನೂ ಹೀಗೆಯೇ ಹೇಳಿಕೊಂಡು ಬಂದೆ. ಹುಡುಗರು ಬರೆದುಕೊಂಡರು, ಪರೀಕ್ಷೆಯಲ್ಲಿ ಬರೆದರು, ಮರೆತರು.

ಹೋದ ವರ್ಷ ಅದೇ ಪಾಠ ಮಾಡುವಾಗ 1975ರ ಜೂನ್ 25ರ ರಾತ್ರಿಯ ಕತೆ ಹೇಳುತ್ತಿದ್ದೆ. ತುರ್ತುಪರಿಸ್ಥಿತಿಯ ಘೋಷಣೆಗೆ ಫಕ್ರುದ್ದೀನ್ ಅಲಿ ಅಹಮದ್ ಅವರು ನಡುರಾತ್ರಿಗೆ ಮುಂಚೆ ಸಹಿ ಹಾಕಿದರು, ಅವರು ನಾಮಮಾತ್ರದ ಮುಖ್ಯಸ್ಥರು, ಪ್ರಧಾನಿ ಹೇಳಿದ್ದನ್ನು ಮಾಡಿದರು ಎಂದು ಹೇಳಿ ಮುಂದಿನ ಅಂಶಕ್ಕೆ ಹೊರಟಿದ್ದೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. ‘ಸರ್, ನಾಮಮಾತ್ರ ಅಂದ್ರ ಪಾಪನೂ ನಾಮಮಾತ್ರ ಏನ್ರಿ?’

ತರಗತಿ ನಕ್ಕಿತು. ನಾನೂ ನಕ್ಕು, ಒಳ್ಳೆಯ ಪ್ರಶ್ನೆ ಎಂದು ಹೇಳಿ ಗಂಟೆಯ ಕಡೆ ನೋಡಿದೆ. ಮೇಷ್ಟ್ರುಗಳು ‘ಒಳ್ಳೆಯ ಪ್ರಶ್ನೆ’ ಅನ್ನುವುದು ಸಾಮಾನ್ಯವಾಗಿ ಉತ್ತರ ಗೊತ್ತಿಲ್ಲದಾಗ. ಮನೆಗೆ ಬಂದ ಮೇಲೆ ಆ ಮಾತು ಬಿಡಲಿಲ್ಲ. ಬಿಡದೇ ಇರಲು ನನ್ನದೇ ಒಂದು ಕಾರಣವಿತ್ತು, ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮ ಸಂವಿಧಾನವನ್ನು ಹೊಸಬರೊಬ್ಬರು ಓದಿದರೆ ಈ ದೇಶವನ್ನು ಆಳುವವರು ರಾಷ್ಟ್ರಪತಿಯೇ ಎಂದು ತಿಳಿಯುತ್ತಾರೆ. 53ನೇ ವಿಧಿ ಒಕ್ಕೂಟದ ಕಾರ್ಯಾಂಗ ಅಧಿಕಾರವನ್ನು ಅವರ ಕೈಯಲ್ಲಿಡುತ್ತದೆ. 77ನೇ ವಿಧಿಯ ಪ್ರಕಾರ ಸರ್ಕಾರದ ಆದೇಶಗಳೆಲ್ಲ ಹೊರಡುವುದು ಅವರ ಹೆಸರಿನಲ್ಲಿ. ನಡುವೆ 74ನೇ ವಿಧಿ ಬಂದು, ಅವರಿಗೆ ನೆರವು ಮತ್ತು ಸಲಹೆ ನೀಡಲು ಪ್ರಧಾನಮಂತ್ರಿಯ ನೇತೃತ್ವದ ಒಂದು ಮಂತ್ರಿಮಂಡಲ ಇರತಕ್ಕದ್ದು ಎನ್ನುತ್ತದೆ. ಓದಲು ಎಷ್ಟು ವಿನಯದ ಮಾತು! ಅಜ್ಜಿ ಮನೆಯಲ್ಲಿ ಕೊಡುವ ಸಲಹೆಯನ್ನು ಕೇಳಬಹುದು, ಬಿಡಬಹುದು. ಈ ಸಲಹೆ ಹಾಗಲ್ಲ. ಕೊಟ್ಟ ಮೇಲೆ ನಡೆಯಲೇಬೇಕು. ಗುಡಿಯ ಭಾಷೆಯಲ್ಲಿ ಹೇಳುವುದಾದರೆ ರಾಷ್ಟ್ರಪತಿ ಉತ್ಸವಮೂರ್ತಿ. ಮೆರವಣಿಗೆ, ಛತ್ರ, ಚಾಮರ ಎಲ್ಲ ಇವರಿಗೆ. ಗರ್ಭಗುಡಿಯಲ್ಲಿ ಕೂತವರು ಬೇರೆ.

ಇದು ಕಣ್ತಪ್ಪಿನಿಂದ ಆದದ್ದೂ ಅಲ್ಲ. 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಮಂಡಿಸುತ್ತ ಅಂಬೇಡ್ಕರ್ ಅವರು ನಮ್ಮ ಅಧ್ಯಕ್ಷರಿಗೂ ಅಮೆರಿಕದ ಅಧ್ಯಕ್ಷರಿಗೂ ಹೆಸರೊಂದನ್ನು ಬಿಟ್ಟರೆ ಹೋಲಿಕೆಯೇ ಇಲ್ಲ ಎಂಬುದನ್ನು ವಿವರವಾಗಿ ಹೇಳಿದರು. ಇಂಗ್ಲೆಂಡಿನ ರಾಜನಿಗಿರುವ ಸ್ಥಾನವೇ ಇವರದು. ರಾಷ್ಟ್ರವನ್ನು ಪ್ರತಿನಿಧಿಸುತ್ತಾರೆ, ಆಳುವುದಿಲ್ಲ ಎಂಬುದು ಅವರ ಮಾತಿನ ಸಾರ. ಅಲ್ಲೇ ಅವರು ಒಂದು ತಕ್ಕಡಿಯನ್ನೂ ಹಿಡಿದರು. ಅಮೆರಿಕದ ಪದ್ಧತಿಯಲ್ಲಿ ಸ್ಥಿರತೆ ಹೆಚ್ಚು, ಹೊಣೆಗಾರಿಕೆ ಕಡಿಮೆ. ಬ್ರಿಟನ್ನಿನದರಲ್ಲಿ ಹೊಣೆಗಾರಿಕೆ ಹೆಚ್ಚು, ಸ್ಥಿರತೆ ಕಡಿಮೆ. ಅಲ್ಲಿ ಲೆಕ್ಕ ಕೇಳುವುದು ನಿಗದಿತ ಅವಧಿಗೊಮ್ಮೆ, ಇಲ್ಲಿ ದಿನವೂ ಸದನದಲ್ಲಿ. ನಾವು ಹೊಣೆಗಾರಿಕೆಯನ್ನು ಆರಿಸಿಕೊಂಡಿದ್ದೇವೆ ಎಂದರು.

ಆ ಭಾಷಣವನ್ನು ನಾನು ಎಷ್ಟೋ ಸಲ ಓದಿದ್ದೇನೆ. ಹುಡುಗಿಯ ಪ್ರಶ್ನೆಯಾದ ಮೇಲೆ ಮತ್ತೆ ಓದಿದಾಗ ಬೇರೆಯೇ ಒಂದು ಕಡೆ ಮನಸ್ಸು ನಿಂತಿತು. ಹೊಣೆಗಾರಿಕೆಗಾಗಿಯೇ ಆರಿಸಿಕೊಂಡ ಪದ್ಧತಿಯಲ್ಲಿ ನಿರ್ಧಾರ ಒಬ್ಬರದು, ಸಹಿ ಇನ್ನೊಬ್ಬರದು. ಅಮೆರಿಕದಲ್ಲಿ ಆ ತೊಂದರೆಯಿಲ್ಲ. ಟ್ರೂಮನ್ ಅಧ್ಯಕ್ಷರಾಗಿದ್ದಾಗ ಹೊಣೆ ಇಲ್ಲಿಗೆ ಬಂದು ನಿಲ್ಲುತ್ತದೆ ಎಂಬರ್ಥದ ಹಲಗೆಯೊಂದನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ನಮ್ಮಲ್ಲಿ ಆ ಹಲಗೆಯನ್ನು ಯಾವ ಮೇಜಿನ ಮೇಲೆ ಇಡಬೇಕು? ಪ್ರಧಾನಿಯ ಕಚೇರಿಯಲ್ಲೋ, ರಾಷ್ಟ್ರಪತಿ ಭವನದಲ್ಲೋ? ಪ್ರಧಾನಿ, ‘ಆದೇಶ ಹೊರಟಿದ್ದು ರಾಷ್ಟ್ರಪತಿಗಳಿಂದ’ ಅನ್ನಬಹುದು. ರಾಷ್ಟ್ರಪತಿ, ‘ಸಲಹೆಯಂತೆ ನಡೆದೆ’ ಅನ್ನಬಹುದು. ಏನು ಸಲಹೆ ಕೊಟ್ಟಿರಿ ಎಂದು ನ್ಯಾಯಾಲಯಗಳೂ ವಿಚಾರಿಸುವಂತಿಲ್ಲ ಎಂದು 74ನೇ ವಿಧಿಯ ಎರಡನೇ ಖಂಡ ಪರದೆ ಎಳೆದಿದೆ.

ಇನ್ನೂ ಒಂದು ಸೂಕ್ಷ್ಮವಿದೆ, ಪಠ್ಯಪುಸ್ತಕಗಳು ಅದನ್ನು ಅಷ್ಟಾಗಿ ಎತ್ತುವುದಿಲ್ಲ. ಮಂತ್ರಿಗಳು ಸಂವಿಧಾನಕ್ಕೆ ನಿಷ್ಠರಾಗಿರುತ್ತೇವೆ ಎಂದು ಪ್ರಮಾಣ ಮಾಡುತ್ತಾರೆ. ರಾಷ್ಟ್ರಪತಿಯ ಪ್ರಮಾಣ, 60ನೇ ವಿಧಿಯದು, ಅಷ್ಟಕ್ಕೆ ನಿಲ್ಲುವುದಿಲ್ಲ. ಸಂವಿಧಾನವನ್ನು ಕಾಪಾಡುತ್ತೇನೆ, ರಕ್ಷಿಸುತ್ತೇನೆ ಎಂದು ಅವರು ಹೇಳಬೇಕು. ಮನೆ ಕಾಯುವ ಮಾತು ಕೊಟ್ಟವರಿಗೆ, ಒಳಗೆ ಬರುವವರು ಹೇಳಿದಂತೆ ಬಾಗಿಲು ತೆಗೆ ಎಂದೂ ಹೇಳಿದಂತಾಯಿತು.

ಈಗ ಆ ರಾತ್ರಿ. ಅಲಹಾಬಾದ್ ಹೈಕೋರ್ಟಿನ ತೀರ್ಪು ಬಂದದ್ದು ಜೂನ್ 12ಕ್ಕೆ. 24ರಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಷರತ್ತಿನ ತಡೆಯಾಜ್ಞೆ ಕೊಟ್ಟರು. 25ರ ಸಂಜೆ ಇಂದಿರಾ ಗಾಂಧಿಯವರು ಸಿದ್ಧಾರ್ಥ ಶಂಕರ ರಾಯ್ ಅವರ ಜೊತೆ ರಾಷ್ಟ್ರಪತಿ ಭವನಕ್ಕೆ ಹೋದರು. ಆಮೇಲೆ ಪ್ರಧಾನಿಯ ಪತ್ರ ಹೋಯಿತು, ಸಹಿ ಬಿತ್ತು. ಮಂತ್ರಿಮಂಡಲಕ್ಕೆ ವಿಷಯ ಗೊತ್ತಾದದ್ದು ಮಾರನೆಯ ದಿನ ಬೆಳಗ್ಗೆ ಆರು ಗಂಟೆಗೆ ಕರೆದ ಸಭೆಯಲ್ಲಿ. ಅಷ್ಟರಲ್ಲಿ ಜಯಪ್ರಕಾಶರೂ ಮೊರಾರ್ಜಿಯವರೂ ಬಂಧನದಲ್ಲಿದ್ದರು. ಆ ವರ್ಷದ ಡಿಸೆಂಬರಿನಲ್ಲಿ ಅಬು ಅಬ್ರಹಾಂ ಬರೆದ ವ್ಯಂಗ್ಯಚಿತ್ರವನ್ನು ನೀವು ನೋಡಿರಬಹುದು: ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲಿ ಕೂತೇ ಸಹಿ ಹಾಕಿದ ಕಾಗದವನ್ನು ಅರ್ಧ ತೆರೆದ ಬಾಗಿಲಿನಾಚೆಗೆ ಕೊಡುತ್ತಿದ್ದಾರೆ. ಒಬ್ಬ ಮನುಷ್ಯನ ಇಡೀ ಬದುಕು ಒಂದು ಗೆರೆಚಿತ್ರವಾಗಿ ಉಳಿದುಬಿಡುವುದು ಎಂಥ ಕಷ್ಟದ ಸಂಗತಿ ಎಂದು ನನಗೆ ಅನ್ನಿಸುತ್ತದೆ. ಚಿತ್ರ ಸುಳ್ಳೆಂದು ಮಾತ್ರ ಹೇಳಲಾರೆ.

ಅವರ ಪರವಾಗಿ ಹೇಳುವ ಮಾತು ಒಂದೇ, ಅವರಿಗೆ ಬೇರೆ ದಾರಿ ಇರಲಿಲ್ಲ ಎಂಬುದು. ಇತ್ತು. ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು ಎಂದು ಸುಪ್ರೀಂ ಕೋರ್ಟು ಶಂಷೇರ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು ಅದರ ಹಿಂದಿನ ವರ್ಷ, 1974ರಲ್ಲಿ. ಆ ರಾತ್ರಿ ಅವರ ಮುಂದಿದ್ದದ್ದು ಮಂತ್ರಿಮಂಡಲದ ಸಲಹೆಯಲ್ಲ, ಪ್ರಧಾನಿಯ ಒಂದು ಪತ್ರ. ‘ಮಂತ್ರಿಮಂಡಲ ಎಲ್ಲಿ?’ ಎಂದು ಕೇಳಿದ್ದರೆ ಸಾಕಿತ್ತು. ಕೇಳಿದ್ದರೆ ಏನೂ ನಿಲ್ಲುತ್ತಿರಲಿಲ್ಲ ಎನ್ನುವವರಿದ್ದಾರೆ. ಇರಬಹುದು. ಬೆಳಗ್ಗೆ ಆರಕ್ಕೆ ತಲೆಯಾಡಿಸಿದ ಮಂತ್ರಿಗಳು ರಾತ್ರಿ ಹನ್ನೊಂದಕ್ಕೂ ಆಡಿಸುತ್ತಿದ್ದರೇನೋ. ಅದು ಮಂತ್ರಿಗಳ ಲೆಕ್ಕ. ರಾಷ್ಟ್ರಪತಿಯ ಲೆಕ್ಕದಲ್ಲಿ ಆ ಪ್ರಶ್ನೆ ಕೇಳದೇ ಉಳಿದದ್ದು ಹಾಗೆಯೇ ನಿಲ್ಲುತ್ತದೆ.

ನಾನು ಬಾಗಲಕೋಟೆ ಕಡೆಯವನು. ನಮ್ಮಲ್ಲಿ ಈ ಕತೆಗೆ ಒಂದು ಮುಂದುವರಿದ ಭಾಗವಿದೆ, ಅದು ಜತ್ತಿಯವರದು. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿ, ಜಮಖಂಡಿಯಲ್ಲಿ ವಕೀಲಿ ಮಾಡಿ, ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, ಉಪರಾಷ್ಟ್ರಪತಿಯ ತನಕ ಹೋದ ಬಸಪ್ಪ ದಾನಪ್ಪ ಜತ್ತಿ. 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅವರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚ್ 21ರಂದು ತುರ್ತುಪರಿಸ್ಥಿತಿ ಹಿಂತೆಗೆದುಕೊಂಡ ಆದೇಶ ಹೊರಟದ್ದು ಇವರ ಸಹಿಯಿಂದ. ನಮ್ಮ ಅಪ್ಪ ಅದನ್ನು ಬಹಳ ಹೆಮ್ಮೆಯಿಂದ ಹೇಳುತ್ತಿದ್ದರು, ತಾವೇ ಪೆನ್ನು ಕೊಟ್ಟವರ ಹಾಗೆ.

ಅದರ ಮುಂದಿನ ತಿಂಗಳ ವಿಷಯ ಅಪ್ಪ ಅಷ್ಟು ಹೇಳುತ್ತಿರಲಿಲ್ಲ. ಜನತಾ ಸರ್ಕಾರ ಬಂದಿತ್ತು. ಲೋಕಸಭೆಯಲ್ಲಿ ಕಾಂಗ್ರೆಸ್ಸು ಉತ್ತರದಲ್ಲಿ ನೆಲಕಚ್ಚಿದೆ, ಆದ್ದರಿಂದ ಅಲ್ಲಿನ ಕಾಂಗ್ರೆಸ್ ರಾಜ್ಯ ಸರ್ಕಾರಗಳಿಗೆ ಜನಾದೇಶ ಉಳಿದಿಲ್ಲ ಎಂಬ ವಾದ ಹೂಡಿ, ಗೃಹಮಂತ್ರಿ ಚರಣ್ ಸಿಂಗ್ ಒಂಬತ್ತು ಮುಖ್ಯಮಂತ್ರಿಗಳಿಗೆ ಪತ್ರ ಬರೆದರು, ವಿಧಾನಸಭೆ ವಿಸರ್ಜಿಸಲು ನೀವೇ ಶಿಫಾರಸು ಮಾಡಿ ಎಂದು. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಏಳು ನ್ಯಾಯಮೂರ್ತಿಗಳ ಪೀಠ ದಾವೆಗಳನ್ನು ವಜಾ ಮಾಡಿತು. ಮಂತ್ರಿಮಂಡಲದ ಸಲಹೆ ಜತ್ತಿಯವರ ಮೇಜಿಗೆ ಬಂತು.

ಅವರು ತಕ್ಷಣ ಸಹಿ ಹಾಕಲಿಲ್ಲ.

ಸುಮಾರು ಒಂದು ದಿನ ಕಾಗದ ಹಾಗೇ ಇತ್ತು. ದೆಹಲಿಯಲ್ಲಿ ಗದ್ದಲವಾಯಿತು. ಹಳೆಯ ಕಾಂಗ್ರೆಸ್ಸಿಗರು, ತಮ್ಮವರನ್ನು ಉಳಿಸಲು ನೋಡುತ್ತಿದ್ದಾರೆ ಎಂದರು ವಿರೋಧಿಗಳು. 30ರಂದು ಸಹಿ ಬಿತ್ತು, ಒಂಬತ್ತೂ ವಿಧಾನಸಭೆಗಳು ಹೋದವು. ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ಸಿಗುವುದು ಒಂದೆರಡು ಸಾಲು, ಅದೂ ಸ್ವಲ್ಪ ತಮಾಷೆಯ ದನಿಯಲ್ಲಿ. ನಾನೂ ತರಗತಿಯಲ್ಲಿ ಹಾಗೆಯೇ ಹೇಳುತ್ತಿದ್ದೆ. ಹಾಕುವುದೇ ಆಗಿದ್ದರೆ ಒಂದು ದಿನ ಯಾಕೆ ಕಾಯಬೇಕಿತ್ತು?

ಈ ಒಂದು ದಿನದ ಬಗ್ಗೆ ನನ್ನ ಅಭಿಪ್ರಾಯ ಈಗ ಬದಲಾಗಿದೆ. ಜತ್ತಿಯವರ ಕೈ ಕಾನೂನಿನಿಂದ ಕಟ್ಟಿತ್ತು. ತುರ್ತುಪರಿಸ್ಥಿತಿಯಲ್ಲಿ ಬಂದ 42ನೇ ತಿದ್ದುಪಡಿ, ರಾಷ್ಟ್ರಪತಿ ಸಲಹೆಯಂತೆ ನಡೆಯತಕ್ಕದ್ದು ಎಂದು 74ನೇ ವಿಧಿಯಲ್ಲಿ ಬಿಡಿಸಿ ಬರೆದಿತ್ತು. ಮರುಪರಿಶೀಲಿಸಿ ಎಂದು ಹಿಂದಕ್ಕೆ ಕಳಿಸುವ ಅವಕಾಶವೂ ಆಗ ಬರಹದಲ್ಲಿ ಇರಲಿಲ್ಲ. ಫಕ್ರುದ್ದೀನ್ ಅವರಿಗೆ ಕೇಳುವ ಹಕ್ಕಿತ್ತು, ಕೇಳಲಿಲ್ಲ. ಜತ್ತಿಯವರಿಗೆ ಆ ಹಕ್ಕಿರಲಿಲ್ಲ, ಆದರೂ ತಡೆದರು. ಇನ್ನೊಂದು ವಿಪರ್ಯಾಸ ನೋಡಿ. ತುರ್ತುಪರಿಸ್ಥಿತಿಯ ವಿರುದ್ಧ ಜೈಲಿಗೆ ಹೋಗಿ ಬಂದವರೇ, ತುರ್ತುಪರಿಸ್ಥಿತಿಯ ತಿದ್ದುಪಡಿ ಕಟ್ಟಿಹಾಕಿದ ಕೈಯಿಂದ ಈ ಸಹಿ ಪಡೆದರು. 1980ರ ಫೆಬ್ರವರಿಯಲ್ಲಿ ಇಂದಿರಾ ಮರಳಿ ಬಂದಾಗ ಅದೇ ವಾದ ತಿರುಗಿಸಿ ಮತ್ತೆ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿದರು. ಲೆಕ್ಕ ಚುಕ್ತಾ.

ಹಾಗೆಂದು ಅವರು ಸಹಿಯನ್ನೇ ಹಾಕಬಾರದಿತ್ತು ಎಂದು ನಾನು ಹೇಳುವುದಿಲ್ಲ. ಹೊಸದಾಗಿ ಗೆದ್ದು ಬಂದ ಸರ್ಕಾರವನ್ನು ಜನರಿಂದ ನೇರವಾಗಿ ಆಯ್ಕೆಯಾಗದ, ಅದೂ ಹಂಗಾಮಿಯಾಗಿ ಕೂತ ಒಬ್ಬರು ತಡೆದು ನಿಲ್ಲಿಸುವುದು ಒಳ್ಳೆಯ ಪಾಠವಾಗುತ್ತಿರಲಿಲ್ಲ. ರಾಷ್ಟ್ರಪತಿಗೆ ಹಲ್ಲು ಮೂಡಿದರೆ ಏನಾಗುತ್ತದೆಂದು ನೋಡಲು ಬಹಳ ದೂರ ಹೋಗಬೇಕಿಲ್ಲ. ಪಾಕಿಸ್ತಾನದ ಸಂವಿಧಾನಕ್ಕೆ ಜಿಯಾ ಕಾಲದ 8ನೇ ತಿದ್ದುಪಡಿ ಸೇರಿಸಿದ ಒಂದು ಖಂಡವನ್ನು ಹಿಡಿದುಕೊಂಡು ಅಲ್ಲಿನ ಅಧ್ಯಕ್ಷರುಗಳು 1988, 1990, 1993, 1996ರಲ್ಲಿ ಚುನಾಯಿತ ಪ್ರಧಾನಿಗಳನ್ನು ಮನೆಗೆ ಕಳಿಸಿದರು. ಪ್ರತಿ ಸಲವೂ ಕೊಟ್ಟ ಕಾರಣ ದೇಶದ ಹಿತ. ಆತ್ಮಸಾಕ್ಷಿ ಎಂಬ ಮಾತು ಅಧಿಕಾರದ ಕೈಗೆ ಸಿಕ್ಕರೆ ಅದೂ ಒಂದು ಆಯುಧವೇ.

ನೈತಿಕ ಹೊಣೆ ಹೊರಲು ಒಂದೇ ಕೈಯಲ್ಲಿ ಅಧಿಕಾರವೂ ಸಹಿಯೂ ಇದ್ದರೆ ಸುಲಭ ಎಂದು ತೋರುತ್ತದೆ. ಅಮೆರಿಕದ ಅನುಭವ ಹಾಗೇನೂ ಹೇಳುವುದಿಲ್ಲ. 1973ರ ಅಕ್ಟೋಬರ್ 20, ಶನಿವಾರ ರಾತ್ರಿ, ತಮ್ಮನ್ನೇ ತನಿಖೆ ಮಾಡುತ್ತಿದ್ದ ವಿಶೇಷ ಅಭಿಯೋಜಕ ಆರ್ಚಿಬಾಲ್ಡ್ ಕಾಕ್ಸ್ ಅವರನ್ನು ತೆಗೆದುಹಾಕಲು ನಿಕ್ಸನ್ ಆದೇಶ ಕೊಟ್ಟರು. ಅಟಾರ್ನಿ ಜನರಲ್ ರಿಚರ್ಡ್‌ಸನ್ ಒಲ್ಲೆ ಎಂದು ರಾಜೀನಾಮೆ ಕೊಟ್ಟರು. ಅವರ ಕೆಳಗಿನ ರಕಲ್ಸ್‌ಹೌಸ್ ಕೂಡ ಒಲ್ಲೆ ಎಂದು ಹೊರಬಿದ್ದರು. ಮೂರನೆಯವರಾದ ರಾಬರ್ಟ್ ಬೋರ್ಕ್ ಸಹಿ ಹಾಕಿದರು. ಅಂದರೆ ಅಲ್ಲಿಯೂ ಕೊನೆಗೆ ಬೇಕಾದದ್ದು ಇನ್ನೊಬ್ಬರ ಕೈ. ಬೋರ್ಕ್ ಅವರಿಗೂ ತಮ್ಮದೇ ಕಾರಣಗಳಿದ್ದವು, ಇಲಾಖೆ ಕುಸಿಯಬಾರದು ಎಂಬುದು ಅದರಲ್ಲೊಂದು. ಜತ್ತಿಯವರು ಇಲ್ಲಿ ಸಹಿ ಹಾಕಿ ತಿಂಗಳಾಗುವ ಮೊದಲೇ, 1977ರ ಮೇ ತಿಂಗಳಲ್ಲಿ ಡೇವಿಡ್ ಫ್ರಾಸ್ಟ್ ಜೊತೆಗಿನ ಟಿವಿ ಸಂದರ್ಶನದಲ್ಲಿ ನಿಕ್ಸನ್, ಅಧ್ಯಕ್ಷನೇ ಮಾಡಿದ ಮೇಲೆ ಅದು ಕಾನೂನುಬಾಹಿರ ಆಗುವುದಿಲ್ಲ ಎಂಬ ಅರ್ಥದ ಮಾತಾಡಿದರು. ಇಬ್ಬರ ನಡುವೆ ಹಂಚಿಹೋದ ಅಧಿಕಾರದಲ್ಲಿ ‘ನಾನಲ್ಲ, ಅವರು’ ಎಂಬ ನೆಪ ಹುಟ್ಟುತ್ತದೆ. ಒಬ್ಬರಲ್ಲೇ ನಿಂತ ಅಧಿಕಾರದಲ್ಲಿ ‘ನಾನು ಮಾಡಿದ್ದೇ ಸರಿ’ ಎಂಬ ನಂಬಿಕೆ ಹುಟ್ಟುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಕೇಳಿದರೆ ನಾನು ಎರಡನೆಯದು ಅನ್ನುತ್ತೇನೆ. ನೆಪ ಹೇಳುವವರಿಗೆ ಕನಿಷ್ಠ, ನೆಪ ಬೇಕಾಗುವಂಥದ್ದೇನೋ ನಡೆದಿದೆ ಎಂಬ ಅರಿವಾದರೂ ಇರುತ್ತದೆ.

ಬೆಲ್ಜಿಯಂನ ರಾಜ ಬೋದ್ವಾನ್ 1990ರ ಏಪ್ರಿಲ್‌ನಲ್ಲಿ ಮಾಡಿದ್ದು ಇವೆಲ್ಲಕ್ಕಿಂತ ವಿಚಿತ್ರ. ಗರ್ಭಪಾತಕ್ಕೆ ಅವಕಾಶ ಕೊಡುವ ಮಸೂದೆಯನ್ನು ಸಂಸತ್ತು ಒಪ್ಪಿತ್ತು. ಧರ್ಮಶ್ರದ್ಧೆಯ ರಾಜನಿಗೆ ಸಹಿ ಹಾಕಲು ಮನಸ್ಸು ಒಪ್ಪಲಿಲ್ಲ, ಸಂಸತ್ತಿಗೆ ಅಡ್ಡ ಬರಲೂ ಮನಸ್ಸಿರಲಿಲ್ಲ. ಕೊನೆಗೆ ಮಂತ್ರಿಮಂಡಲ, ರಾಜರು ಆಳಲು ಅಸಮರ್ಥರಾಗಿದ್ದಾರೆ ಎಂದು ಘೋಷಿಸಿ, ತಾನೇ ಸಹಿ ಹಾಕಿ ಕಾನೂನು ಜಾರಿ ಮಾಡಿತು. ಸುಮಾರು ಒಂದೂವರೆ ದಿನದ ನಂತರ ಸಂಸತ್ತು ಅವರನ್ನು ಮತ್ತೆ ಕೂರಿಸಿತು. ಕಾನೂನೂ ಬಂತು, ರಾಜರ ಕೈಯೂ ಸ್ವಚ್ಛ. ಕೇಳಿದಾಗ ಮೊದಲು ನಗು ಬರುತ್ತದೆ. ಆ ಕಾನೂನು ಬೇಕಾಗಿತ್ತು ಎಂದು ನಂಬುವ ನನಗೂ, ತನ್ನ ಸಹಿಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡ ಆ ಮನುಷ್ಯನ ಮೇಲೆ ಗೌರವ ಹೋಗುವುದಿಲ್ಲ.

ಈಗ ನನ್ನ ವಿಷಯ. ಬಹಳ ಹಿಂದೆ, ಬೇರೊಂದು ಕಾಲೇಜಿನಲ್ಲಿ, ಹನ್ನೊಂದು ದಿನ ನಾನು ಪ್ರಭಾರಿ ಪ್ರಾಂಶುಪಾಲನಾಗಿದ್ದೆ. ಪ್ರಾಂಶುಪಾಲರು ರಜೆಯ ಮೇಲಿದ್ದರು. ಹಾಜರಾತಿ ಕೊರತೆಯಿಂದ ಪರೀಕ್ಷೆಗೆ ಕೂರಿಸದವರ ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು. ‘ಪಟ್ಟಿ ತಯಾರಾಗಿದೆ, ನೀವು ಸಹಿ ಹಾಕಿ ಕಳಿಸಿಬಿಡಿ’ ಎಂದು ಅವರು ಫೋನು ಮಾಡಿದರು. ಗುಮಾಸ್ತರು ಕಡತ ತಂದು ಪುಟ ತೆರೆದು ಬೆರಳಿಟ್ಟು ತೋರಿಸಿದರು. ಹಾಕಿದೆ. ಪಟ್ಟಿಯಲ್ಲಿ ಹದಿನಾಲ್ಕು ಹೆಸರಿದ್ದವು. ಅದರಲ್ಲಿ ಒಬ್ಬ ಹುಡುಗನ ತಾಯಿ ಆ ಸೆಮಿಸ್ಟರಿನ ಬಹುಪಾಲು ಆಸ್ಪತ್ರೆಯಲ್ಲಿದ್ದರು. ಅವನ ಅರ್ಜಿಯೂ ವೈದ್ಯರ ಪತ್ರವೂ ಅದೇ ಕಡತದಲ್ಲಿ, ನಾಲ್ಕು ಹಾಳೆ ಕೆಳಗೆ ಇದ್ದವು. ನನಗದು ಗೊತ್ತಾದದ್ದು ಪಟ್ಟಿ ಹೋದ ಮೇಲೆ, ಅವನು ಬಾಗಿಲಲ್ಲಿ ಬಂದು ನಿಂತಾಗ. ‘ನಾನು ಪ್ರಭಾರಿ ಮಾತ್ರಪ್ಪಾ, ಸಾಹೇಬ್ರು ಬಂದ ಮ್ಯಾಲ ಕೇಳು’ ಎಂದೆ. ಅವನು ಹೂಂ ಸರ್ ಎಂದು ಹೋದ. ಪರೀಕ್ಷೆಗೆ ಕೂರಲಾಗಲಿಲ್ಲ. ಮರುವರ್ಷ ಕಾಲೇಜಿಗೂ ಬರಲಿಲ್ಲ.

ಒಂದು ಕಾಲೇಜಿನ ಪಟ್ಟಿಗೂ ಒಂದು ದೇಶದ ತುರ್ತುಪರಿಸ್ಥಿತಿಗೂ ಹೋಲಿಕೆ ಮಾಡುವುದು ಅತಿಯಾಯಿತು ಎಂದು ನನಗೆ ಗೊತ್ತು. ಆದರೆ ‘ಪಾಪನೂ ನಾಮಮಾತ್ರ ಏನ್ರಿ’ ಎಂದಾಗ ನನ್ನ ಕಣ್ಣ ಮುಂದೆ ಬಂದದ್ದು ರಾಷ್ಟ್ರಪತಿ ಭವನವಲ್ಲ, ಆ ಕಡತ. ಪಟ್ಟಿ ಮಾಡಿದವನು ನಾನಲ್ಲ. ನಿರ್ಧಾರವೂ ನನ್ನದಲ್ಲ. ನಾಲ್ಕು ಹಾಳೆ ತಿರುವದೇ ಇದ್ದದ್ದು ಮಾತ್ರ ನನ್ನದೇ.

ಹಾಗಾಗಿ 44ನೇ ತಿದ್ದುಪಡಿಯನ್ನು ಈಗ ಪಾಠ ಮಾಡುವಾಗ ನಾನು ಮೊದಲಿನ ಹಾಗೆ ಓಡಿಸುವುದಿಲ್ಲ. 1978ರಲ್ಲಿ ಜನತಾ ಸರ್ಕಾರ ಎರಡು ಸಣ್ಣ ಕೆಲಸ ಮಾಡಿತು. ತುರ್ತುಪರಿಸ್ಥಿತಿಗೆ ಮಂತ್ರಿಮಂಡಲದ ನಿರ್ಣಯ ಬರಹದಲ್ಲಿ ಬಂದಿರಲೇಬೇಕು ಎಂದಿತು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸಲು ರಾಷ್ಟ್ರಪತಿಗೆ ಅವಕಾಶ ಕೊಟ್ಟಿತು. ಎರಡನೇ ಸಲ ಬಂದರೆ ಒಪ್ಪಲೇಬೇಕು. ಮೊದಲನೆಯದು ಫಕ್ರುದ್ದೀನ್ ಕೇಳದ ಪ್ರಶ್ನೆ. ಎರಡನೆಯದು, ನನ್ನ ಕಣ್ಣಿಗೆ, ಜತ್ತಿಯವರು ತಡೆದ ಆ ಒಂದು ದಿನ. ಶಾಸನ ಮಾಡಿದವರು ಹಾಗೆ ಯೋಚಿಸಿದರೋ ಇಲ್ಲವೋ, ನಾನು ಹಾಗೆ ಓದಿಕೊಳ್ಳುತ್ತೇನೆ.

ಆ ಅವಕಾಶ ಬಹುಕಾಲ ಪುಸ್ತಕದಲ್ಲೇ ಇತ್ತು. 1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಬೊಮ್ಮಾಯಿ ಸರ್ಕಾರವನ್ನು, ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ಕೇಳದೆ ವಜಾ ಮಾಡಿದಾಗ ಕಾಗದ ಹಿಂದಿರುಗಲಿಲ್ಲ. ಅದಕ್ಕೆ ಉತ್ತರ ಬರಲು ಐದು ವರ್ಷ ಬೇಕಾಯಿತು, 1994ರ ಮಾರ್ಚ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ ಎಂದರು. ಬೊಮ್ಮಾಯಿಯವರ ಸರ್ಕಾರವಂತೂ ಹಿಂದಿರುಗಲಿಲ್ಲ. 1997ರ ಅಕ್ಟೋಬರ್‌ನಲ್ಲಿ, ಉತ್ತರ ಪ್ರದೇಶದಲ್ಲಿ ಕಲ್ಯಾಣ್ ಸಿಂಗ್ ವಿಶ್ವಾಸಮತ ಗೆದ್ದ ಮೇಲೂ ರಾಷ್ಟ್ರಪತಿ ಆಳ್ವಿಕೆ ಹೇರಲು ಗುಜ್ರಾಲ್ ಸರ್ಕಾರ ಸಲಹೆ ಕೊಟ್ಟಾಗ, ಕೆ.ಆರ್. ನಾರಾಯಣನ್ ಕಾಗದವನ್ನು ಹಿಂದಕ್ಕೆ ಕಳಿಸಿದರು. ಸರ್ಕಾರ ಸುಮ್ಮನಾಯಿತು. ಮರುವರ್ಷ ಬಿಹಾರದ ವಿಷಯದಲ್ಲಿ ವಾಜಪೇಯಿ ಸರ್ಕಾರಕ್ಕೂ ಹಾಗೆಯೇ ಮಾಡಿದರು, ಪಕ್ಷ ನೋಡದೆ. ಹಾಗೆಂದು ಕೂತವರೆಲ್ಲ ನಾರಾಯಣನ್ ಆಗುವುದಿಲ್ಲ. 2005ರ ಮೇ ತಿಂಗಳಲ್ಲಿ ಬಿಹಾರ ವಿಧಾನಸಭೆಯ ವಿಸರ್ಜನೆಗೆ ಕಲಾಂ ಅವರು ಮಾಸ್ಕೋದಿಂದಲೇ ಒಪ್ಪಿಗೆ ಕೊಟ್ಟರು, ರಾತ್ರೋರಾತ್ರಿ. ಸುಪ್ರೀಂ ಕೋರ್ಟು ಅದನ್ನು ಅಸಾಂವಿಧಾನಿಕ ಎಂದಿತು. ಆಗ ರಾಜೀನಾಮೆ ಕೊಡಲು ಯೋಚಿಸಿದ್ದೆ ಎಂದು ಅವರೇ ಆಮೇಲೆ ಬರೆದುಕೊಂಡಿದ್ದಾರೆ. ಅಷ್ಟು ಪ್ರೀತಿಸಲ್ಪಟ್ಟ, ಅಷ್ಟು ಶುದ್ಧ ಮನುಷ್ಯ. ಬೆಳಗಾಗುವ ತನಕ ಕಾಯಬಹುದಿತ್ತು.

ಹುಡುಗಿಗೆ ಮರುವಾರ ಇದನ್ನೆಲ್ಲ ಹೇಳಿದೆ, ನನ್ನ ಕಡತದ ವಿಷಯ ಬಿಟ್ಟು. ಅವಳು ಕೇಳಿಸಿಕೊಂಡು, ‘ಹಂಗಾದ್ರ ಜತ್ತಿಯವರು ಆ ಒಂದ ದಿನ ಏನ್ ಮಾಡಿದ್ರಿ ಸರ್?’ ಎಂದಳು. ಗೊತ್ತಿಲ್ಲ ಎಂದೆ. ಈ ಸಲ ಗಂಟೆಯ ಕಡೆ ನೋಡಲಿಲ್ಲ. ‘ಕಾಗದ ಓದಿರಬೇಕು’ ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು.